ಕಾರಿಗೆ ಜಿಪಿಎಸ್: ಅಂಗಡಿಗೆ ಹೋಗುವ ಮುಂಚೆ ತಿಳಿದಿರಬೇಕಾದದ್ದು

ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ "ಒಂದು ಜಿಪಿಎಸ್ ಕೊಡಿ" ಎಂದು ಕೇಳಿ ನೋಡಿ. ಒಬ್ಬರು ಅಂಗೈಯಲ್ಲಿ ಅಡಗುವ ಕಪ್ಪು ಡಬ್ಬಿ ಕೊಡುತ್ತಾರೆ. ಇನ್ನೊಬ್ಬರು ಡ್ಯಾಶ್‌ಬೋರ್ಡಿಗೆ ಕೂರಿಸುವ 9 ಇಂಚಿನ ಟಚ್‌ಸ್ಕ್ರೀನ್ ತೋರಿಸುತ್ತಾರೆ. ಮತ್ತೊಬ್ಬರು ಮೊಬೈಲ್ ಸ್ಟ್ಯಾಂಡ್ ಮುಂದಿಟ್ಟು "ಇದು ಸಾಕು ಸಾರ್" ಅನ್ನುತ್ತಾರೆ. ಮೂರೂ ಬೇರೆ ಬೇರೆ ಕೆಲಸದ ವಸ್ತುಗಳು. ಬೆಲೆ ಕೆಲವು ನೂರು ರೂಪಾಯಿಯಿಂದ ಹತ್ತು-ಹದಿನೈದು ಸಾವಿರದವರೆಗೂ ಹೋಗುತ್ತದೆ. ಹಾಗಾಗಿ ನಮಗೆ ಬೇಕಿರುವುದು ಯಾವುದು ಎಂಬುದು ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಮೊದಲು ಆ ಕಪ್ಪು ಡಬ್ಬಿಯ ವಿಷಯ ಮುಗಿಸೋಣ. ಅದು ಟ್ರ್ಯಾಕರ್. ಅದು ನಿಮಗೆ ದಾರಿ ತೋರಿಸುವುದಿಲ್ಲ. ಕಾರು ಎಲ್ಲಿದೆ ಎಂದು ದೂರದಲ್ಲಿರುವ ಮಾಲೀಕರ ಫೋನಿಗೆ ತಿಳಿಸುತ್ತದೆ. ಅದಕ್ಕಾಗಿ ಒಳಗೊಂದು ಸಿಮ್ ಇರುತ್ತದೆ, ಮೊದಲ ವರ್ಷ ಕಳೆದ ಮೇಲೆ ಸಾಮಾನ್ಯವಾಗಿ ಚಂದಾ ಕಟ್ಟಬೇಕಾಗುತ್ತದೆ. ಟ್ಯಾಕ್ಸಿ, ಬಸ್ಸುಗಳಲ್ಲಿ ಪ್ಯಾನಿಕ್ ಬಟನ್ ಜೊತೆ ಹಾಕಿಸುವ ಎಐಎಸ್-140 ಉಪಕರಣವೂ ಇದೇ ಜಾತಿಯದು. ಕಾರು ಕಳುವಾದೀತು ಎಂಬ ಚಿಂತೆ ಇದ್ದರೆ, ಡ್ರೈವರ್ ಕೈಗೆ ಗಾಡಿ ಕೊಟ್ಟು ಮನೆಯಲ್ಲಿ ಕೂರುವವರಾದರೆ, ಟ್ರ್ಯಾಕರ್ ಸರಿಯಾದ ವಸ್ತು. ಊರಿಂದ ಊರಿಗೆ ದಾರಿ ಹುಡುಕಲು ಅದರಿಂದ ಏನೂ ಉಪಯೋಗವಿಲ್ಲ. ಜಿಪಿಎಸ್ ಎಂಬ ಒಂದೇ ಹೆಸರಿನಲ್ಲಿ ಎರಡನ್ನೂ ಮಾರುವುದರಿಂದ ಬೇಡದ್ದನ್ನು ಕೊಂಡು ಬರುವವರು ಬಹಳ ಮಂದಿ.

ನಮಗೆ ಬೇಕಿರುವುದು ದಾರಿ ತೋರಿಸುವ ಸಾಧನ. ಹೊರಗಿನಿಂದ ಒಂದೇ ವಸ್ತುವಿನಂತೆ ಕಂಡರೂ ಅದರಲ್ಲಿ ಮೂರು ಭಾಗಗಳಿವೆ. ಕಾರು ಎಲ್ಲಿದೆ ಎಂದು ಕಂಡುಹಿಡಿಯುವ ರಿಸೀವರ್ ಒಂದು. ಆ ಜಾಗದಿಂದ ಯಾವ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಹೇಳುವ ಮ್ಯಾಪ್ ಇನ್ನೊಂದು. ಅದನ್ನು ಓಡಿಸುವವರ ಕಣ್ಣಿಗೆ, ಕಿವಿಗೆ ಮುಟ್ಟಿಸುವ ಪರದೆ, ಸ್ಪೀಕರ್, ಸ್ಟ್ಯಾಂಡ್ ಮೂರನೆಯದು. ರಿಸೀವರ್ ಈಗ ತುಂಬಾ ಅಗ್ಗ, ನಮ್ಮ ಫೋನಿನಲ್ಲೇ ಇದೆ. ಒಳ್ಳೆಯ ಮ್ಯಾಪ್ ಪುಕ್ಕಟೆಯಾಗಿ ಸಿಗುತ್ತದೆ. ಮೂರರಲ್ಲಿ ಯಾವುದು ನಿಮ್ಮ ಬಳಿ ಇಲ್ಲವೋ ಅದಕ್ಕೆ ಮಾತ್ರ ದುಡ್ಡು ಕೊಡಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟು.

ನೆಟ್ ಹೋದರೂ ಜಿಪಿಎಸ್ ಹೋಗುವುದಿಲ್ಲ

ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಕನಿಷ್ಠ 24 ಇರಬೇಕು, ಈಗ ಕೆಲಸ ಮಾಡುತ್ತಿರುವುದು 30ರ ಆಸುಪಾಸು. ಒಂದೊಂದರಲ್ಲೂ ಪರಮಾಣು ಗಡಿಯಾರ ಇದೆ. "ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಎಂದು ಅವು ಹಗಲೂ ರಾತ್ರಿ ಬಿತ್ತರಿಸುತ್ತಲೇ ಇರುತ್ತವೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಸಿಡಿಲು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡುತ್ತೇವಲ್ಲ, ರಿಸೀವರ್ ಮಾಡುವುದೂ ಅದೇ ಲೆಕ್ಕ. ಸಿಗ್ನಲ್ ಹೊರಟ ಹೊತ್ತು, ತಲುಪಿದ ಹೊತ್ತು ನೋಡಿ ಆ ಉಪಗ್ರಹ ಎಷ್ಟು ದೂರ ಎಂದು ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ಗೊತ್ತಾದರೆ ನಾವಿರುವ ಜಾಗ ಸಿಗಬೇಕು. ಆದರೆ ನಮ್ಮ ಫೋನಿನ ಗಡಿಯಾರ ಅಗ್ಗದ್ದು, ಅಷ್ಟು ನಿಖರ ಅಲ್ಲ. ಬೆಳಕಿನ ವೇಗದಲ್ಲಿ ಬರುವ ಸಿಗ್ನಲ್ ಅಲ್ವಾ, ಸೆಕೆಂಡಿನ 10 ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಆ ತಪ್ಪನ್ನು ಸರಿಪಡಿಸಲು ನಾಲ್ಕನೇ ಉಪಗ್ರಹ ಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ರಿಸೀವರ್ ಬರೀ ಕೇಳಿಸಿಕೊಳ್ಳುತ್ತದೆ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಅದಕ್ಕೆ ಸಿಮ್ ಬೇಡ, ಡೇಟಾ ಬೇಡ, ಯಾರಿಗೂ ಶುಲ್ಕ ಕಟ್ಟಬೇಕಿಲ್ಲ. ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ನಿಮ್ಮ ಕಾರಿನ ಚುಕ್ಕಿ ಮ್ಯಾಪಿನ ಮೇಲೆ ಸಾಗುತ್ತಲೇ ಇರುತ್ತದೆ. ಇಂಟರ್ನೆಟ್ ಬೇಕಾಗುವುದು ಮ್ಯಾಪಿನ ಚಿತ್ರ ತರಿಸಿಕೊಳ್ಳಲು, ಹೊಸ ದಾರಿ ಹುಡುಕಲು, ಟ್ರಾಫಿಕ್ ತಿಳಿಯಲು. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದರೆ ಅದರಲ್ಲೂ ಅರ್ಧ ಕೆಲಸ ನೆಟ್ ಇಲ್ಲದೆ ನಡೆಯುತ್ತದೆ. "ಬೆಟ್ಟದಲ್ಲಿ ನೆಟ್‌ವರ್ಕ್ ಇರಲ್ಲ, ಅದಕ್ಕೇ ಬೇರೆ ಜಿಪಿಎಸ್ ಬೇಕು" ಎಂದು ಸಾವಿರಗಟ್ಟಲೆ ಖರ್ಚು ಮಾಡಲು ಹೊರಟವರು ಇದನ್ನು ಒಮ್ಮೆ ಯೋಚಿಸಬೇಕು.

ಒಂದು ಸಣ್ಣ ತೊಡಕು ಇದೆ. ಉಪಗ್ರಹಗಳು ತಮ್ಮ ಮಾಹಿತಿಯನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಕಳಿಸುತ್ತವೆ. ಒಂದು ಉಪಗ್ರಹ ತಾನಿರುವ ಜಾಗವನ್ನು ಪೂರ್ತಿ ಹೇಳಿ ಮುಗಿಸಲು ಸುಮಾರು 30 ಸೆಕೆಂಡ್ ಬೇಕು. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಸಿಗಲು 12 ನಿಮಿಷ 30 ಸೆಕೆಂಡ್. ಫೋನು ಈ ಮಾಹಿತಿಯನ್ನು ಇಂಟರ್ನೆಟ್‌ನಿಂದ ಥಟ್ಟನೆ ತರಿಸಿಕೊಳ್ಳುತ್ತದೆ, ಅದಕ್ಕೇ ಊರಿನಲ್ಲಿ ಮ್ಯಾಪ್ ತೆರೆದ ಕೂಡಲೇ ಜಾಗ ಸಿಗುತ್ತದೆ. ನೆಟ್ ಇಲ್ಲದ ಕಾಡಿನಂಚಿನಲ್ಲಿ ಫೋನ್ ಆಫ್ ಮಾಡಿ ಆನ್ ಮಾಡಿದರೆ ಚುಕ್ಕಿ ಬರಲು ತಡವಾಗಬಹುದು. ಆಗ ಮರದ ನೆರಳು ಬಿಟ್ಟು, ಆಕಾಶ ಕಾಣುವ ಕಡೆ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯಬೇಕು. ಅಷ್ಟಕ್ಕೇ ಜಿಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ನಾವಿಕ್ ಎಂದು ಬರೆದಿದ್ದರೆ ಹೆಚ್ಚು ಕೊಡಬೇಕೇ?

ಈಗಿನ ರಿಸೀವರ್‌ಗಳು ಅಮೆರಿಕದ ಜಿಪಿಎಸ್ ಒಂದನ್ನೇ ನಂಬಿಕೊಂಡಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೋ, ನಮ್ಮ ನಾವಿಕ್, ಹೀಗೆ ಸಿಕ್ಕಷ್ಟನ್ನೂ ಒಟ್ಟಿಗೆ ಬಳಸುತ್ತವೆ. ಆಕಾಶ ಅರ್ಧ ಮುಚ್ಚಿದ ಕಡೆ ಇದರಿಂದ ತುಂಬಾ ಉಪಯೋಗ, ಏಕೆಂದರೆ ಕಣ್ಣಿಗೆ ಬೀಳುವ ಉಪಗ್ರಹಗಳ ಸಂಖ್ಯೆ ಜಾಸ್ತಿಯಾಗುತ್ತದೆ.

ನಾವಿಕ್ ಬಗ್ಗೆ ಕನ್ನಡಿಗರಿಗೆ ವಿಶೇಷ ಅಕ್ಕರೆ ಇರುವುದು ಸಹಜ. ಅದರ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಏಳು ಉಪಗ್ರಹಗಳ ವ್ಯವಸ್ಥೆ ಇದು. ಜಿಪಿಎಸ್‌ನ ಹಾಗೆ ಇಡೀ ಭೂಮಿಯನ್ನು ಸುತ್ತದೆ, ಸುಮಾರು 36,000 ಕಿಲೋಮೀಟರ್ ಎತ್ತರದಿಂದ ನಮ್ಮ ಸುತ್ತಲಿನ ಪ್ರದೇಶವನ್ನೇ ನೋಡುತ್ತಿರುತ್ತವೆ. ಆದರೆ ದಾರಿ ಸುಗಮವಾಗಿರಲಿಲ್ಲ. ಹೊರದೇಶದಿಂದ ತರಿಸಿ ಹಾಕಿದ್ದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. 2023ರ ಮೇ 29ರಂದು ಹಾರಿದ ಹೊಸ ಪೀಳಿಗೆಯ ನಾವಿಕ್ ಉಪಗ್ರಹ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಇತ್ತು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತನ್ನ ಕಕ್ಷೆ ಸೇರಲಾಗಲಿಲ್ಲ.

ಇನ್ನೊಂದು ತೊಂದರೆ ಸಿಗ್ನಲ್ಲಿನದು. ನಾವಿಕ್‌ನ ಮೊದಲ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ರೇಡಿಯೊ ಬ್ಯಾಂಡ್‌ಗಳಲ್ಲಿ ಮಾತ್ರ ಪ್ರಸಾರ ಮಾಡುತ್ತವೆ. ಅಗ್ಗದ ಫೋನುಗಳ ರಿಸೀವರ್ ಕೇಳುವುದು ಎಲ್1 ಬ್ಯಾಂಡನ್ನು. ಹಾಗಾಗಿ ನಾವಿಕ್ ಆಕಾಶದಲ್ಲಿದ್ದರೂ ನಮ್ಮ ಕೈಗೆ ಬರಲು ತಡವಾಯಿತು. ಎನ್‌ವಿಎಸ್ ಸರಣಿಯಲ್ಲಿ ಎಲ್1 ಸೇರಿಸಿರುವುದು ಇದೇ ಕಾರಣಕ್ಕೆ. ಈ ವ್ಯವಸ್ಥೆ ಬೆಳೆಯಲಿ ಎಂದು ಮನಸಾರೆ ಬಯಸುತ್ತೇನೆ. ಆದರೂ ಡಬ್ಬಿಯ ಮೇಲೆ ನಾವಿಕ್ ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಎರಡು ಸಾವಿರ ಜಾಸ್ತಿ ಕೊಡುವ ಅಗತ್ಯ ಇಲ್ಲ. ಅದಕ್ಕಿಂತ ಎಲ್1 ಜೊತೆ ಎಲ್5 ಕೂಡ ಹಿಡಿಯುವ ಎರಡು ಬ್ಯಾಂಡಿನ ರಿಸೀವರ್ ಇದೆಯೇ ನೋಡಿ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಅದರಿಂದ ಚುಕ್ಕಿ ಪಕ್ಕದ ರಸ್ತೆಗೆ ಹಾರುತ್ತದೆ. ಎರಡು ಬ್ಯಾಂಡಿದ್ದರೆ ಈ ಕಾಟ ಕಡಿಮೆ. ಹೊಸ ಫೋನು ಕೊಳ್ಳುವ ಯೋಚನೆ ಹೇಗೂ ಇದ್ದರೆ ಈ ಒಂದು ಅಂಶ ಗಮನಿಸಿ, ಇದಕ್ಕೆಂದೇ ಫೋನ್ ಬದಲಿಸಬೇಡಿ. ತೆರೆದ ಆಕಾಶದ ಕೆಳಗೆ ಸಾಧಾರಣ ಫೋನ್ ಕೂಡ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಹೆದ್ದಾರಿಗೆ ಅಷ್ಟು ಸಾಕು.

ಫೋನೇ ಮೊದಲ ಆಯ್ಕೆ

ಹದಿನೈದು ವರ್ಷದ ಹಿಂದೆ ಈ ಮಾತು ಹೇಳುವಂತಿರಲಿಲ್ಲ. ಆಗ ಗಾಜಿಗೆ ಅಂಟಿಸುವ ಗಾರ್ಮಿನ್, ಮ್ಯಾಪ್‌ಮೈಇಂಡಿಯಾ ಸಾಧನಗಳೇ ಗತಿ. 2009ರ ಅಕ್ಟೋಬರ್ 28ರಂದು ಗೂಗಲ್ ಆಂಡ್ರಾಯ್ಡ್ ಫೋನಿಗೆ ತಿರುವು ತಿರುವಿಗೂ ದಾರಿ ಹೇಳುವ ಸೌಲಭ್ಯವನ್ನು ಪುಕ್ಕಟೆಯಾಗಿ ಕೊಡುವುದಾಗಿ ಪ್ರಕಟಿಸಿತು. ಆ ದಿನವೇ ಗಾರ್ಮಿನ್, ಟಾಮ್‌ಟಾಮ್ ಕಂಪನಿಗಳ ಷೇರು ಬೆಲೆ ಕುಸಿಯಿತು. ಮ್ಯಾಪಿಗೆ ಕೊಡುತ್ತಿದ್ದ ದುಡ್ಡು ಉಳಿಯಿತು ಎಂದ ಮೇಲೆ ಜನ ಇನ್ನೊಂದು ಡಬ್ಬಿ ಯಾಕೆ ಕೊಳ್ಳುತ್ತಾರೆ? ಇವತ್ತು ನಮ್ಮಲ್ಲಿ ಕಾರಿಗೆಂದೇ ಮಾಡಿದ ಆ ತರಹದ ಸಾಧನ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಫೋನ್ ಇದ್ದವರಿಗೆ ಬೇಕಾಗುವುದು ಎರಡೇ: ಗಟ್ಟಿ ಹೋಲ್ಡರ್, ಒಳ್ಳೆಯ ಚಾರ್ಜರ್. ಎರಡೂ ಸೇರಿ ಸಾವಿರ, ಸಾವಿರದ ಐನೂರರಲ್ಲಿ ಮುಗಿಯುತ್ತದೆ. ಇಲ್ಲಿ ನೂರಿನ್ನೂರು ಉಳಿಸಲು ಹೋಗಬೇಡಿ. ತಿರುವಿನಲ್ಲಿ ಕಳಚಿ ಕಾಲಿನ ಹತ್ತಿರ ಬೀಳುವ ಹೋಲ್ಡರ್ ಬ್ರೇಕ್ ಪೆಡಲ್ ಕೆಳಗೆ ಹೋದರೆ ಗತಿ ಏನು?

ಹೋಲ್ಡರ್ ಎಲ್ಲಿ ಕೂರಿಸುತ್ತೀರಿ ಎಂಬುದೂ ಮುಖ್ಯ. ಮುಂದಿನ ಗಾಜಿಗೆ ಅಂಟಿಸುವ ವ್ಯಾಕ್ಯೂಮ್ ಸ್ಟ್ಯಾಂಡಿನಲ್ಲಿ ಆಕಾಶ ಚೆನ್ನಾಗಿ ಸಿಗುತ್ತದೆ, ಕಣ್ಣೂ ರಸ್ತೆ ಬಿಟ್ಟು ಹೆಚ್ಚು ಕದಲುವುದಿಲ್ಲ. ಆದರೆ ಫೋನ್ ನೇರ ಬಿಸಿಲಿಗೆ ಸಿಕ್ಕುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಓಡಿಸುವವರಿಗೆ ಇದು ನಿಜವಾದ ಸಮಸ್ಯೆ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಅದಕ್ಕಿಂತ ಬಿಸಿಯಾದರೆ ಫೋನು ಪರದೆಯ ಬೆಳಕು ತಗ್ಗಿಸುತ್ತದೆ, ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ. ಎಸಿ ವೆಂಟಿಗೆ ಸಿಕ್ಕಿಸುವ ಹೋಲ್ಡರ್ ಈ ವಿಷಯದಲ್ಲಿ ಒಳ್ಳೆಯದು, ತಣ್ಣನೆ ಗಾಳಿ ಫೋನಿನ ಬೆನ್ನಿಗೇ ಬೀಳುತ್ತದೆ. ಭಾರದ ಫೋನಾದರೆ ವೆಂಟಿನ ಪ್ಲಾಸ್ಟಿಕ್ ಪಟ್ಟಿ ಮುರಿಯುವ ಅಪಾಯ ಇದೆ, ಕೆಳಗಿನಿಂದ ಆಧಾರ ಕೊಡುವ ಕಾಲಿರುವ ಮಾದರಿ ಆರಿಸಿಕೊಳ್ಳಿ. ನನಗೆ ನಮ್ಮ ಬಿಸಿಲಿಗೆ ಇದೇ ಸರಿ ಅನ್ನಿಸುತ್ತದೆ. ಕಪ್ ಹೋಲ್ಡರಿನಲ್ಲಿ, ಗೇರಿನ ಪಕ್ಕದಲ್ಲಿ ಇಡುವ ಸ್ಟ್ಯಾಂಡ್ ಬೇಡವೇ ಬೇಡ. ಅದನ್ನು ನೋಡಲು ಪ್ರತಿ ಸಲವೂ ತಲೆ ಬಗ್ಗಿಸಬೇಕು.

ಚಾರ್ಜರ್ ವಿಷಯದಲ್ಲಿ ಹಳೆಯ ಕಾರಿನವರು ಒಂದು ಮಾತು ತಿಳಿದಿರಬೇಕು. ಸ್ಟೀರಿಯೊದ ಮುಂದಿರುವ ಯುಎಸ್‌ಬಿ ಕಿಂಡಿ ಪೆನ್ ಡ್ರೈವ್ ಹಾಕಿ ಹಾಡು ಕೇಳಲೆಂದು ಕೊಟ್ಟದ್ದು. ಹಲವು ಕಾರುಗಳಲ್ಲಿ ಅದು ಕೊಡುವುದು ಅರ್ಧ ಆಂಪಿಯರ್ ಅಷ್ಟೇ. ಪರದೆ ಪೂರ್ತಿ ಬೆಳಗುತ್ತಾ, ಮ್ಯಾಪ್ ಓಡುತ್ತಾ ಇರುವ ಫೋನಿಗೆ ಅದು ಸಾಲದು. ವೈರ್ ಸಿಕ್ಕಿಸಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ. 12 ವೋಲ್ಟ್ ಸಾಕೆಟ್ಟಿಗೆ ಹಾಕುವ, 18 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಚಾರ್ಜರ್ ತೆಗೆದುಕೊಳ್ಳಿ.

ಫೋನ್ ಕೈಯಲ್ಲಿ ಹಿಡಿದು ಮ್ಯಾಪ್ ನೋಡುವಂತಿಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಮೋಟಾರು ವಾಹನ ನಿಯಮದ ಪ್ರಕಾರ, ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನಕ್ಕೆ ಅಡ್ಡಿಯಾಗದ ಹಾಗೆ. ಹೋಗುವ ಜಾಗದ ಹೆಸರನ್ನು ಹೊರಡುವ ಮೊದಲೇ ಹಾಕಿಬಿಡಿ. ದಾರಿ ಬದಲಿಸಬೇಕಾದರೆ ಪಕ್ಕಕ್ಕೆ ನಿಲ್ಲಿಸಿ ಬದಲಿಸಿ.

ಮನೆಯಲ್ಲಿ ಸುಮ್ನೆ ಬಿದ್ದಿರುವ ಹಳೆ ಫೋನ್ ಇದೆಯೇ? ಎಲ್ಲಕ್ಕಿಂತ ಅಗ್ಗದ ಕಾರ್ ಜಿಪಿಎಸ್ ಅದೇ. ಸಿಮ್ ಹಾಕಬೇಕಾಗಿಲ್ಲ. ಮನೆಯ ವೈಫೈಯಲ್ಲಿ ಮ್ಯಾಪ್ ಇಳಿಸಿಕೊಳ್ಳಿ, ಟ್ರಾಫಿಕ್ ಬೇಕೆನಿಸಿದಾಗ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಕರೆ ಬಂದಾಗ ಮ್ಯಾಪ್ ಮರೆಯಾಗುವ ಕಿರಿಕಿರಿಯೂ ಇರುವುದಿಲ್ಲ. ಒಂದೇ ಎಚ್ಚರ: ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಟ್ಟು ಹೋಗಬೇಡಿ. ಹಳೆಯ ಬ್ಯಾಟರಿ ಆ ಬಿಸಿಗೆ ಉಬ್ಬಿಕೊಳ್ಳಬಹುದು.

ದೊಡ್ಡ ಪರದೆ ಬೇಕೆನ್ನುವವರಿಗೆ

ಫೋನಿನ ಪರದೆ ಚಿಕ್ಕದು, ಚಾಳೀಸು ಹಾಕುವವರಿಗೆ ಕಷ್ಟ. ಇದು ನ್ಯಾಯವಾದ ಕಾರಣ. ಹಾಗಿದ್ದರೆ ಟಚ್‌ಸ್ಕ್ರೀನ್ ಸ್ಟೀರಿಯೊ ಬಗ್ಗೆ ಯೋಚಿಸಬಹುದು. ಇದರಲ್ಲಿ ಎರಡು ಬಗೆ. ತಾನೇ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್‌ನಂತೆ ಕೆಲಸ ಮಾಡುವ ಸ್ಟೀರಿಯೊ ಒಂದು. ನಿಮ್ಮ ಫೋನನ್ನು ಆಂಡ್ರಾಯ್ಡ್ ಆಟೊ ಅಥವಾ ಆಪಲ್ ಕಾರ್‌ಪ್ಲೇ ಮೂಲಕ ಜೋಡಿಸಿಕೊಳ್ಳುವುದು ಇನ್ನೊಂದು. ಅಂಗಡಿಯಲ್ಲಿ ಎರಡನ್ನೂ "ಆಂಡ್ರಾಯ್ಡ್ ಸ್ಟೀರಿಯೊ" ಎಂದೇ ಕರೆಯುವುದರಿಂದ ಬಿಡಿಸಿ ಕೇಳಬೇಕು.

ಮೊದಲನೆಯದು ನೋಡಲು ದೊಡ್ಡದು, ಬೆಲೆ ಕಡಿಮೆ, ಯೂಟ್ಯೂಬ್ ಕೂಡ ಬರುತ್ತದೆ. ಹೆಸರಿಲ್ಲದ ಬ್ರಾಂಡುಗಳೇ ಹೆಚ್ಚು. ಅವು ಹೇಳುವ ರ‍್ಯಾಮ್, ಆಂಡ್ರಾಯ್ಡ್ ಆವೃತ್ತಿ ಎಲ್ಲವೂ ನಿಜವಿರುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ತೋರಿಸುವ ಅಂಕಿಯನ್ನೇ ತಿದ್ದಿರುವುದುಂಟು. 2 ಜಿಬಿ ರ‍್ಯಾಮ್‌ನಲ್ಲಿ ಇವತ್ತಿನ ಮ್ಯಾಪ್ ಆ್ಯಪ್ ತಡವರಿಸುತ್ತದೆ, ತಿರುವು ದಾಟಿದ ಮೇಲೆ "ಬಲಕ್ಕೆ ತಿರುಗಿ" ಅನ್ನುತ್ತದೆ. ಸಾಫ್ಟ್‌ವೇರ್ ಅಪ್‌ಡೇಟ್ ಎಂಬುದು ಬಹುತೇಕ ಬರುವುದೇ ಇಲ್ಲ. ಇಂಟರ್ನೆಟ್ ಬೇಕೆಂದರೆ ಫೋನಿನ ಹಾಟ್‌ಸ್ಪಾಟ್ ಹಾಕಲೇಬೇಕು.

ಎರಡನೇ ಬಗೆಯಲ್ಲಿ ಲೆಕ್ಕಾಚಾರವೆಲ್ಲ ಫೋನಿನಲ್ಲಿ ನಡೆಯುತ್ತದೆ, ಸ್ಟೀರಿಯೊ ಬರೀ ಪರದೆ ಮತ್ತು ಸ್ಪೀಕರ್. ನಾಲ್ಕು ವರ್ಷ ಬಿಟ್ಟು ಫೋನ್ ಬದಲಿಸಿದರೆ ನಿಮ್ಮ ಕಾರಿನ ಜಿಪಿಎಸ್ ಕೂಡ ಹೊಸದಾದಂತೆ. ಒಂದೇ ಬೆಲೆಗೆ 10 ಇಂಚಿನ ಹೆಸರಿಲ್ಲದ ಟ್ಯಾಬ್ಲೆಟ್ ಸ್ಟೀರಿಯೊ, 7 ಇಂಚಿನ ಹೆಸರುವಾಸಿ ಬ್ರಾಂಡಿನ ಆಂಡ್ರಾಯ್ಡ್ ಆಟೊ ಸ್ಟೀರಿಯೊ ಎರಡೂ ಸಿಕ್ಕಿದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನು ಹೇಳುತ್ತೇನೆ. ವೈರ್ ಜೋಡಿಸುವ ಮಾದರಿ ಸಾಕು, ವೈರ್‌ಲೆಸ್‌ಗಾಗಿ ಜಾಸ್ತಿ ಕೊಡಬೇಕಿಲ್ಲ. ವೈರಿನಲ್ಲಿ ಫೋನ್ ಚಾರ್ಜ್ ಕೂಡ ಆಗುತ್ತದೆ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಟ್ಯಾಬ್ಲೆಟ್ ಬಗೆಯ ಸ್ಟೀರಿಯೊ ಜೊತೆ ಒಂದು ಪುಟ್ಟ ಚೌಕದ ಜಿಪಿಎಸ್ ಆಂಟೆನಾ ಬರುತ್ತದೆ, ಉದ್ದದ ವೈರಿನ ತುದಿಯಲ್ಲಿ. ಬೇಗ ಮುಗಿಸುವ ಆತುರದಲ್ಲಿ ಅದನ್ನು ಸ್ಟೀರಿಯೊ ಹಿಂದಿನ ಲೋಹದ ಚೌಕಟ್ಟಿನೊಳಗೇ ತುರುಕಿಬಿಡುವುದುಂಟು. ಹಾಗಾದರೆ ಎಷ್ಟು ಬೆಲೆಯ ಸ್ಟೀರಿಯೊ ಆದರೂ ದಾರಿ ತಪ್ಪುತ್ತದೆ. ಆಂಟೆನಾ ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿನ ಹತ್ತಿರ ಇರಬೇಕು. ಗಾಜಿಗೆ ಲೋಹದ ಅಂಶವಿರುವ ಫಿಲ್ಮ್ ಹಾಕಿಸಿದ್ದರೆ ಸಿಗ್ನಲ್ ಕುಂದುತ್ತದೆ ಎಂಬುದೂ ನೆನಪಿರಲಿ. ಕಂಪನಿ ವೈರಿಂಗ್ ಕತ್ತರಿಸಲು ಬಿಡಬೇಡಿ. ನಿಮ್ಮ ಕಾರಿನ ಮಾದರಿಗೆ ಹೊಂದುವ ಕಪ್ಲರ್, ಅಂದರೆ ವೈರ್ ಕತ್ತರಿಸದೆ ಸಿಕ್ಕಿಸಿ ಜೋಡಿಸುವ ಕೊಂಡಿ, ಕೇಳಿ. ಕೆಲವೇ ನೂರು ರೂಪಾಯಿ, ವಾರಂಟಿ ತಕರಾರೂ ಇರುವುದಿಲ್ಲ.

ಹೊಸ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು. ಕಂಪನಿಯೇ ಕೊಡುವ ನ್ಯಾವಿಗೇಶನ್‌ಗೆಂದು ಟಾಪ್ ವೇರಿಯಂಟಿಗೆ ಹೋಗಬೇಡಿ. ಆಂಡ್ರಾಯ್ಡ್ ಆಟೊ ಈಗ ಮಧ್ಯದ ವೇರಿಯಂಟ್‌ಗಳಲ್ಲೂ ಬರುತ್ತದೆ. ಕಂಪನಿ ನ್ಯಾವಿಗೇಶನ್‌ಗೆ ಒಂದು ನಿಜವಾದ ಲಾಭ ಇದೆ, ಅದನ್ನು ಒಪ್ಪಬೇಕು. ಅದು ಚಕ್ರ ಎಷ್ಟು ಉರುಳಿತು, ಕಾರು ಎಷ್ಟು ತಿರುಗಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲದು. ಕಾರವಾರದ ಬಳಿಯ ಹೆದ್ದಾರಿ ಸುರಂಗದಂಥ ಕಡೆ ಉಪಗ್ರಹ ಮರೆಯಾದರೂ ಚುಕ್ಕಿ ಮುಂದೆ ಹೋಗುತ್ತದೆ. ಆದರೆ ಸುರಂಗದೊಳಗೆ ದಾರಿ ಇರುವುದು ಒಂದೇ, ಅಷ್ಟಕ್ಕಾಗಿ ಲಕ್ಷದ ಲೆಕ್ಕದಲ್ಲಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ದಾರಿ ತಪ್ಪಿಸುವುದು ಮ್ಯಾಪ್

ಸಾಧನ ಯಾವುದೇ ಇರಲಿ, ತಪ್ಪು ದಾರಿಗೆ ಒಯ್ಯುವುದು ಹೆಚ್ಚಾಗಿ ಮ್ಯಾಪೇ. ಉಪಗ್ರಹ ನೀವೆಲ್ಲಿದ್ದೀರಿ ಎಂದಷ್ಟೇ ಹೇಳುತ್ತದೆ. ಮುಂದಿನ ಸೇತುವೆ ನಿಂತಿದೆಯೋ ಕುಸಿದಿದೆಯೋ ಅದಕ್ಕೆ ಗೊತ್ತಿಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಅರ್ಧಕ್ಕೇ ನಿಂತಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅವರು ಮ್ಯಾಪ್ ನೋಡಿಕೊಂಡು ಬರುತ್ತಿದ್ದರು ಎಂದು ಆಗ ವರದಿಯಾಗಿತ್ತು. ಆ ಸುದ್ದಿ ಓದಿ ಬಹಳ ಸಂಕಟವಾಯಿತು. ರಾತ್ರಿ, ಗೊತ್ತಿಲ್ಲದ ಊರು, ಖಾಲಿ ರಸ್ತೆ, ಇವು ಮೂರೂ ಸೇರಿದಾಗ ದೊಡ್ಡ ರಸ್ತೆಯನ್ನೇ ಹಿಡಿಯಿರಿ. 10 ನಿಮಿಷ ಉಳಿಯುತ್ತದೆ ಎಂದು ಮ್ಯಾಪ್ ಒಳರಸ್ತೆ ತೋರಿಸಿದರೂ ಬೇಡ.

ಗೂಗಲ್ ಮ್ಯಾಪ್ಸ್ ಟ್ರಾಫಿಕ್ ವಿಷಯದಲ್ಲಿ ಮುಂದೆ. ಅಷ್ಟೊಂದು ಫೋನುಗಳು ರಸ್ತೆಯಲ್ಲಿ ಎಷ್ಟು ವೇಗದಲ್ಲಿ ಸಾಗುತ್ತಿವೆ ಎಂಬುದರಿಂದಲೇ ಅದಕ್ಕೆ ಜಾಮ್ ಗೊತ್ತಾಗುತ್ತದೆ. ಮ್ಯಾಪ್‌ಮೈಇಂಡಿಯಾದ ಮ್ಯಾಪಲ್ಸ್ ಆ್ಯಪ್ ನಮ್ಮ ದೇಶದ್ದು. ಈ ಕಂಪನಿ 1995ರಿಂದ ಭಾರತದ ನಕ್ಷೆ ಮಾಡುತ್ತಿದೆ. ಫ್ಲೈಓವರ್, ಜಂಕ್ಷನ್‌ಗಳನ್ನು ಚಿತ್ರದಂತೆ ತೋರಿಸುವುದು ಇದರ ಹೆಚ್ಚುಗಾರಿಕೆ. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್ ಆ್ಯಪ್‌ಗಳು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುತ್ತವೆ. ಅದನ್ನು ಜಗತ್ತಿನಾದ್ಯಂತ ಸ್ವಯಂಸೇವಕರು ಬರೆದಿದ್ದಾರೆ. ಟ್ರಾಫಿಕ್ ಇಲ್ಲ, ಆದರೆ ಪೂರ್ತಿ ನೆಟ್ ಇಲ್ಲದೆ ನಡೆಯುತ್ತವೆ. ಹಳೆ ಫೋನಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಹೇಳಿ ಮಾಡಿಸಿದ ಹಾಗಿದೆ. ಫೋನಿನಲ್ಲಿ ಗೂಗಲ್ ಜೊತೆ ಇಂಥದ್ದೊಂದು ಇರಲಿ ಎಂಬುದು ನನ್ನ ಸಲಹೆ. ಖರ್ಚಂತೂ ಇಲ್ಲ.

ಗೂಗಲ್‌ನಲ್ಲಿಯೂ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಬಹುದು. ಮಲೆನಾಡು, ಕೊಡಗು, ಕರಾವಳಿ ಕಡೆ ಹೊರಡುವ ಹಿಂದಿನ ರಾತ್ರಿ ಈ ಕೆಲಸ ಮುಗಿಸಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗಲೋ ಆಗುಂಬೆಯ ತಿರುವುಗಳಲ್ಲೋ ನೆಟ್‌ವರ್ಕ್ ನಂಬುವಂತಿಲ್ಲ. ಆಫ್‌ಲೈನ್‌ನಲ್ಲಿ ದಾರಿ ಸಿಗುತ್ತದೆ, ಟ್ರಾಫಿಕ್ ಮತ್ತು ರಸ್ತೆ ಬಂದ್ ಆದ ಸುದ್ದಿ ಸಿಗುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚುವುದು ನಮ್ಮಲ್ಲಿ ವರ್ಷವರ್ಷವೂ ಇದ್ದದ್ದೇ. ಅದಕ್ಕೆ ಹೊರಡುವ ದಿನದ ಪತ್ರಿಕೆ, ಇಲ್ಲವೇ ದಾರಿಯ ಹೋಟೆಲಿನವರ ಮಾತು ಮ್ಯಾಪಿಗಿಂತ ಮೇಲು. ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಆಫ್‌ಲೈನ್ ಮ್ಯಾಪ್ ಗಂಟೆ ನೋಡಿ ದಾರಿ ಹೇಳುತ್ತದೆ ಎಂದು ನೆಚ್ಚಿಕೊಂಡರೆ ಗೇಟಿನ ಮುಂದೆ ರಾತ್ರಿ ಕಳೆಯಬೇಕಾದೀತು.

ಬೆಂಗಳೂರಿನಲ್ಲಿ ಬೇರೆ ಕಷ್ಟ. ಎಲೆಕ್ಟ್ರಾನಿಕ್ ಸಿಟಿ ಮೇಲುರಸ್ತೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂದು ಜಿಪಿಎಸ್‌ಗೆ ಸರಿಯಾಗಿ ತಿಳಿಯುವುದಿಲ್ಲ. ಉಪಗ್ರಹಗಳೆಲ್ಲ ಇರುವುದು ನಮ್ಮ ತಲೆಯ ಮೇಲೆ, ಕೆಳಗಡೆ ಒಂದೂ ಇಲ್ಲ, ಹಾಗಾಗಿ ಎತ್ತರದ ಲೆಕ್ಕ ಯಾವಾಗಲೂ ಒರಟು. ಜೊತೆಗೆ ಕೆಳಗಿನ ರಸ್ತೆಯಲ್ಲಿದ್ದರೆ ಮೇಲಿನ ಕಾಂಕ್ರೀಟು ಆಕಾಶವನ್ನೇ ಮುಚ್ಚುತ್ತದೆ. ಗೂಗಲ್ 2024ರಲ್ಲಿ ನಮ್ಮ ನಗರಗಳಿಗೆ ಫ್ಲೈಓವರ್ ಹತ್ತಬೇಕೇ ಬೇಡವೇ ಎಂದು ಮೊದಲೇ ಹೇಳುವ ಸೌಲಭ್ಯ ತಂದಿತು. ಆದರೂ ಹಸಿರು ಫಲಕ ಓದುವುದನ್ನು ಬಿಡಬೇಡಿ.

ಇನ್ನು ಊರಿನ ಹೆಸರುಗಳು. ಕೊಪ್ಪ ಎಂದರೆ ಚಿಕ್ಕಮಗಳೂರು ಜಿಲ್ಲೆಯಲ್ಲೊಂದು, ಮದ್ದೂರು ತಾಲ್ಲೂಕಿನಲ್ಲೊಂದು, ಕುಶಾಲನಗರದ ಪಕ್ಕದಲ್ಲೊಂದು. ಹೊಸಹಳ್ಳಿಗಳಿಗೆ ಲೆಕ್ಕವೇ ಇಲ್ಲ. ಮದುವೆಗೋ ಗೃಹಪ್ರವೇಶಕ್ಕೋ ಹೋಗುವಾಗ ಹೆಸರು ಹಾಕಿ ಹುಡುಕುವ ಬದಲು, ಕರೆದವರಿಂದ ಲೊಕೇಶನ್ ತರಿಸಿಕೊಳ್ಳಿ. ಆಮಂತ್ರಣದ ಕ್ಯೂಆರ್ ಕೋಡ್ ಆದರೂ ಸರಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬ ವ್ಯವಸ್ಥೆ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರಿಗೆ 4 ಮೀಟರಿನ ಚೌಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ 10 ಅಕ್ಷರದ ಗುರುತು ಕೊಟ್ಟಿದೆ. ಬಾಗಿಲ ಸಂಖ್ಯೆ, ಬೀದಿ ಹೆಸರು ಇಲ್ಲದ ತೋಟದ ಮನೆಗಳಿಗೆ ಇದು ಬಳಕೆಗೆ ಬಂದರೆ ದೊಡ್ಡ ಉಪಕಾರ.

ದಾರಿ ಹೇಳುವ ದನಿಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ. ಗೂಗಲ್‌ನಲ್ಲಿ ಈ ಆಯ್ಕೆ ಇದೆ. ಇಂಗ್ಲಿಷ್ ದನಿ ನಮ್ಮ ಊರುಗಳ ಹೆಸರನ್ನು ಹೇಳುವ ರೀತಿಯಲ್ಲಿ ಹಲವು ಸಲ ಊರೇ ಗುರುತು ಸಿಗುವುದಿಲ್ಲ. ಮನೆಯ ಹಿರಿಯರು ಓಡಿಸುವುದಾದರೆ ಇದೊಂದರಿಂದಲೇ ಎಷ್ಟೋ ನೆಮ್ಮದಿ.

ಸೆಕೆಂಡ್ ಹ್ಯಾಂಡ್ ಮತ್ತು ಹೊರದೇಶ

ಹಳೆಯ ಗಾರ್ಮಿನ್, ಟಾಮ್‌ಟಾಮ್ ಸಾಧನಗಳು ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಸಿಗುತ್ತವೆ. ನೋಡಲು ಗಟ್ಟಿಮುಟ್ಟು. ಎರಡು ವಿಷಯ ವಿಚಾರಿಸದೆ ಮುಟ್ಟಬೇಡಿ. ಒಂದು, ಭಾರತದ ಮ್ಯಾಪ್ ಇದೆಯೇ, ಈಗಲೂ ಅಪ್‌ಡೇಟ್ ಸಿಗುತ್ತದೆಯೇ? ಅಮೆರಿಕದಿಂದ ತಂದದ್ದಾದರೆ ಒಳಗೆ ಇರುವುದು ಅಲ್ಲಿನ ರಸ್ತೆಗಳು. ಎರಡನೆಯದು ದಿನಾಂಕದ ತೊಂದರೆ. ಜಿಪಿಎಸ್ ಸಿಗ್ನಲ್ ವಾರಗಳನ್ನು 1,024ರವರೆಗೆ ಮಾತ್ರ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಕಳೆದ ಸಲ ಹೀಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಕೆಲವು ಹಳೆ ಸಾಧನಗಳು ಆಮೇಲೆ ತಪ್ಪು ದಿನಾಂಕ ತೋರಿಸತೊಡಗಿದವು. ಸಮಯವೇ ತಪ್ಪಾದರೆ ಉಪಗ್ರಹ ಹುಡುಕುವುದೂ ಎಡವಟ್ಟಾಗಬಹುದು. ಮಾರುವವರ ಎದುರೇ ಆನ್ ಮಾಡಿ, ಬಯಲಿನಲ್ಲಿ ನಿಂತು, ಇವತ್ತಿನ ತಾರೀಖು ಸರಿಯಾಗಿ ಬರುತ್ತದೆಯೇ ನೋಡಿ.

ಅಮೆರಿಕ, ಆಸ್ಟ್ರೇಲಿಯಾ ಕಡೆ ಇರುವ ನಮ್ಮವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ನ್ಯಾಷನಲ್ ಪಾರ್ಕ್‌ಗಳಲ್ಲಿ, ಮರುಭೂಮಿಯ ಹೆದ್ದಾರಿಗಳಲ್ಲಿ ಗಂಟೆಗಟ್ಟಲೆ ನೆಟ್‌ವರ್ಕ್ ಇರುವುದಿಲ್ಲ. ಗಾರ್ಮಿನ್‌ನ ಸಾಧನಗಳು ಅಲ್ಲಿ ಇಂದಿಗೂ ಮಾರಾಟವಾಗುತ್ತವೆ, ಮ್ಯಾಪ್ ಅಪ್‌ಡೇಟ್ ಕೂಡ ಸಿಗುತ್ತದೆ. ಇಂಥ ಪ್ರವಾಸ ಪದೇ ಪದೇ ಮಾಡುವವರಾದರೆ ಕೊಳ್ಳಬಹುದು. ಮಕ್ಕಳನ್ನು ನೋಡಲು ಹೋಗಿ ಬಾಡಿಗೆ ಕಾರು ಹಿಡಿಯುವವರು, ಕಾರು ಕೊಡುವ ಕಂಪನಿಯವರು ದಿನದ ಬಾಡಿಗೆಗೆ ಕೊಡುವ ಜಿಪಿಎಸ್ ಬಿಟ್ಟು ಫೋನಿನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಸಾಕು.

ಕೊಂಡ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮಾಡಿ. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆಂಡ್ರಾಯ್ಡ್ ಆ್ಯಪ್ ಹಾಕಿಕೊಂಡರೆ ಯಾವ ದೇಶದ ಎಷ್ಟು ಉಪಗ್ರಹ ಸಿಗುತ್ತಿದೆ, ಎಲ್5 ಹಿಡಿಯುತ್ತಿದೆಯೇ, ನಾವಿಕ್ ಇದೆಯೇ ಎಂಬುದೆಲ್ಲ ಕಾಣುತ್ತದೆ. ಟ್ಯಾಬ್ಲೆಟ್ ಸ್ಟೀರಿಯೊದಲ್ಲೂ ಇದನ್ನು ಹಾಕಬಹುದು. ಆಮೇಲೆ ಡೇಟಾ ಆಫ್ ಮಾಡಿ, ಇಳಿಸಿಕೊಂಡ ಮ್ಯಾಪಿನಲ್ಲಿ ಗೊತ್ತಿರುವ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ, ಕತ್ತಲಲ್ಲಿ ಒಮ್ಮೆ. ಬಿಸಿಲಲ್ಲಿ ಪರದೆ ಓದಲು ಬರುತ್ತದೆಯೇ, ರಾತ್ರಿ ಬೆಳಕು ಕಣ್ಣಿಗೆ ಚುಚ್ಚುತ್ತದೆಯೇ, ಹಂಪ್ ಹಾರಿದಾಗ ಹೋಲ್ಡರ್ ಅಲುಗುತ್ತದೆಯೇ, ಕಿಟಕಿ ತೆರೆದಾಗಲೂ ದನಿ ಕೇಳುತ್ತದೆಯೇ ನೋಡಿಕೊಳ್ಳಿ. ಪಾಸಾಗದಿದ್ದರೆ ಬಿಲ್ಲು, ಡಬ್ಬಿ ಸಮೇತ ವಾಪಸ್ ಕೊಟ್ಟುಬಿಡಿ.